ಹಗ್ಗದವನ ಮಾತು

ಪುಷ್ಯ ಮಾಸದ ಚಳಿ, ಹೊತ್ತು ಇನ್ನೂ ಸರಿಯಾಗಿ ಏರಿರಲಿಲ್ಲ. ಇಸವಿ ತೊಂಬತ್ನಾಲ್ಕು. ಕಲಬುರ್ಗಿಯ ಮೋಮಿನಪುರದಲ್ಲಿ ಒಂದು ಚಹಾದ ಹೋಟೆಲಿನ ಮುಂದೆ ನಾನು ಮತ್ತು ಜಹಾಂಗೀರ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದ ದೌಲಪ್ಪ, ತಲೆಗೆ ಸುತ್ತಿದ ಮಫ್ಲರ್ ಬಿಚ್ಚದೆ ನಮ್ಮೆದುರು ಬಂದು ನಿಂತ.

“ಸಾಬ್ರೆ, ಇವತ್ತು ನೀವು ಬರ್ಲಿಲ್ಲಂದ್ರ ನಾ ಊರಿಗಿ ಹೋಗಂಗಿಲ್ಲ. ಇದೇ ಬೆಂಚಿನ ಮ್ಯಾಲೆ ಮಲಗ್ತೀನಿ.”

“ಮಲಗಪ್ಪ. ಆದ್ರ ಕಾಲು ಮಡಚ್ಕೋ, ಗಿರಾಕಿ ಕೂಡಬೇಕು,” ಎಂದ ಜಹಾಂಗೀರ.

“ನಗಬ್ಯಾಡ್ರಿ. ಬಾಳಿಗೊನಿ ತುಂಬೋ ಹೊತ್ತಿನಾಗ ಗಿಡಕ್ಕ ನೀರಿಲ್ಲ. ನಮ್ಮವ್ವ ದಿನಾ ತ್ವಾಟಕ್ಕ ಹೋಗಿ ಎಲಿ ಮುಟ್ಟಿ ನೋಡಿ ಬರ್ಲತ್ತಾಳ.”

ದೌಲಪ್ಪನದು ಕೆಂಪು ಬಾಳೆಯ ತೋಟ. ಬಾವಿಯ ಒಳಗಿನ ಕಟ್ಟೆಯ ಮೇಲೆ ಕೂಡಿಸಿದ್ದ ಮೋಟರು, ಬುಡದ ಕಲ್ಲು ಸಡಿಲಾಗಿ, ಪೈಪಿನ ಸಮೇತ ನೀರಿಗೆ ಬಿದ್ದಿತ್ತು. ಏಳಾಳು ನೀರು. ಊರಿನ ಈಜುಗಾರರು ಉಸಿರು ಹಿಡಿದು ಮುಳುಗಿ ನೋಡಿದ್ದರು. ತಳ ಮುಟ್ಟಲು ಆಗಿರಲಿಲ್ಲ. ಒಬ್ಬನಿಗೆ ಮೂಗಿನಿಂದ ರಕ್ತ ಬಂದ ಮೇಲೆ ಉಳಿದವರು ಹಿಂದೆ ಸರಿದರು. ಯಾರಾದರೂ ತಳಕ್ಕೆ ಹೋಗಿ ಮೋಟರಿಗೆ ಸರಪಳಿ ಬಿಗಿದು ಬಂದರೆ ಮೇಲಿನಿಂದ ಎತ್ತಬಹುದಿತ್ತು. ಅದಕ್ಕೆ ದೌಲಪ್ಪ ಹಿಂದಿನ ವಾರವೇ ಬಂದು ಜಹಾಂಗೀರನನ್ನು ಬಾವಿ ನೋಡಲು ಕರೆದುಕೊಂಡು ಹೋಗಿದ್ದ. ನಾನು ಆಗ ನಂದೂರಿನ ದಾಲ್ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದೆ, ಹೋಗಲಿಲ್ಲ. ನೋಡಿ ಬಂದ ಜಹಾಂಗೀರ ನಾಳೆ, ನಾಡಿದ್ದು ಎಂದು ದಿನ ದೂಡುತ್ತಿದ್ದ. ಅವನು ಹಾಗೆ ಮಾಡುವವನಲ್ಲ.

ಜಹಾಂಗೀರ ಮುಂಬಯಿಯ ಬಂದರಿನಲ್ಲಿ ಬಹಳ ವರ್ಷ ನೀರಿನೊಳಗಿನ ಕೆಲಸ ಮಾಡಿದವನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿಕೊಂಡು ಹಡಗಿನ ತಳಕ್ಕೆ ಹೋಗುತ್ತಿದ್ದ. ಹಿಂದಿನ ವರ್ಷ ಕಂಪನಿ ಬಿಟ್ಟು ಊರಿಗೆ ಬಂದ. ಯಾಕೆ ಬಿಟ್ಟ ಎಂದು ಕೇಳಿದವರಿಗೆ, “ಸಮುದ್ರದ ನೀರು ಉಪ್ಪು, ನಮ್ಮ ಬಾವಿ ನೀರು ಸಿಹಿ,” ಎನ್ನುತ್ತಿದ್ದ. ಬರುವಾಗ ಎರಡು ಹಳೆಯ ಸಿಲಿಂಡರ್ ತಂದಿದ್ದ. ಅವುಗಳಿಗೆ ಗಾಳಿ ತುಂಬಿಸಲು ಹೈದರಾಬಾದಿಗೆ ಕಳಿಸುತ್ತಿದ್ದ. ಬಾವಿಗೆ ಬಿದ್ದ ಮೋಟರು, ಪೈಪು ತೆಗೆಯುವುದೇ ಅವನ ಕಸುಬಾಯಿತು. ಅದನ್ನು ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ನಾನು ಮಲ್ಕಪ್ಪ, ಅವನ ಹಗ್ಗದವನು. ಅವನ ನಡುವಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಸರಿ ಇದ್ದೇನೆ ಎಂದು, ಬಿಡದೆ ಜಗ್ಗಿದರೆ ಮೇಲಕ್ಕೆ ಎಳೆ ಎಂದು. ಇಳಿಯುವ ಮುಂಚೆ ನಾನು ಕೇಳಬೇಕು, ಅವನು ಉತ್ತರ ಕೊಡಬೇಕು. ನೆಗಡಿ ಇದೆಯೇ, ನಿದ್ದೆ ಆಗಿದೆಯೇ, ಹೊಟ್ಟೆ ಭಾರ ಇದೆಯೇ. ಕೊನೆಗೆ ಮೂಗು ಹಿಡಿದು, ಬಾಯಿ ಮುಚ್ಚಿ ಊದಿ, ಎರಡೂ ಕಿವಿ ಪಟ್ ಎಂದವು ಎಂದು ತೋರಿಸಬೇಕು. ಮೂಗಿನಿಂದ ಕಿವಿಗೆ ಹೋಗುವ ದಾರಿ ನೆಗಡಿಯಿಂದ ಕಟ್ಟಿದ್ದರೆ ಕೆಳಗೆ ಹೋದಂತೆ ನೀರು ಕಿವಿಯೊಳಗಿನ ತೆಳು ತೆರೆಯನ್ನು ಒಳಗೆ ಒತ್ತುತ್ತದಂತೆ. ಕಿವಿಗೆ ಏನನ್ನೂ ತುರುಕಬಾರದು, ಅದನ್ನೂ ನೀರು ಒಳಕ್ಕೆ ನೂಕುತ್ತದೆ. ಮೇಲೆ ಬರುವಾಗ ಉಸಿರು ಹಿಡಿಯಬಾರದು, ತಾನು ಬಿಟ್ಟ ಗುಳ್ಳೆಗಿಂತ ಬೇಗ ಬರಬಾರದು. ಇದೆಲ್ಲ ಅವನು ಕಲಿಸಿದ್ದು.

ಒಮ್ಮೆ ನನಗೇ ನೆಗಡಿಯಾಗಿತ್ತು. ಜಹಾಂಗೀರ ಅಂದಿನ ಕೆಲಸವನ್ನೇ ನಿಲ್ಲಿಸಿದ.

“ಹಗ್ಗ ಹಿಡಿಯೋದಕ್ಕ ಮೂಗ್ಯಾಕ ಬೇಕ್ರೀ ಭಾಯಿ?” ಎಂದು ಕೇಳಿದೆ.

“ನೀ ಮ್ಯಾಲೆ ಸೀನ್ತಿ, ಹಗ್ಗ ಅಳ್ಳಾಡ್ತದ. ಕೆಳಗ ನಾ ಏನಂತ ತಿಳ್ಕೋಬೇಕು?”

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಹಗ್ಗದವನು ಇಳಿಯಬೇಡ ಎಂದರೆ ಇಳಿಯಬಾರದು. ಕಾರಣ ಕೇಳಬಾರದು, ಸಿಟ್ಟಾಗಬಾರದು. ಬಂದರಿನಲ್ಲಿ ನೀರಿಗೆ ಇಳಿಯುವವನೊಬ್ಬ ತನ್ನ ಹಗ್ಗದವನ ಮಾತಿಗೆ ನಕ್ಕು ಇಳಿದಿದ್ದನಂತೆ. ಮುಂದೆ ಏನಾಯಿತು ಎಂದು ಜಹಾಂಗೀರ ಎಂದೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಟ್ಟಳೆಯನ್ನು ಬಳಸುವ ಪ್ರಸಂಗ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಚಹಾ ಮುಗಿದ ಮೇಲೆ, “ಗಾಡಿ ತರ್ಲೇನ್ರಿ?” ಎಂದು ಕೇಳಿದೆ. ನಾನು ಅವನ ಬಲಕ್ಕೆ ಕುಳಿತಿದ್ದೆ. ಅವನು ಉತ್ತರ ಕೊಡಲಿಲ್ಲ. ಏನೋ ಯೋಚನೆಯಲ್ಲಿದ್ದಾನೆ ಎಂದುಕೊಂಡು ಎದ್ದು ಹೋಗಿ ಟೆಂಪೊ ತಂದೆ.

ಸಿಲಿಂಡರ್ ಉರುಳದಂತೆ ಹಿಂದೆ ಹುಲ್ಲು ಹಾಸಿ ಮಲಗಿಸಿ, ನಾವೂ ಪಕ್ಕದಲ್ಲೇ ಕುಳಿತೆವು. ಜಗತ್ ಸರ್ಕಲ್ ದಾಟಿ ಹುಮನಾಬಾದ್ ರಸ್ತೆ ಹಿಡಿದ ಮೇಲೆ ದೌಲಪ್ಪ ಸಿಲಿಂಡರ್ ತಟ್ಟಿ ಕೇಳಿದ:

“ಇದರಾಗ ದವಾಖಾನಿ ಆಕ್ಸಿಜನ್ ಇರ್ತದಲ್ರೀ?”

“ಇಲ್ಲಪ್ಪ. ಬರೇ ಗಾಳಿ. ನೀ ಈಗ ಎಳ್ಕೊಳ್ಳಾಕತ್ತೀಯಲ್ಲ, ಅದೇ.”

“ಬರೇ ಗಾಳಿ ತುಂಬಿಸ್ಲಾಕ ಹೈದರಾಬಾದ್ತನಕ ಕಳಿಸ್ತೀರಾ? ನಮ್ಮ ತ್ವಾಟದಾಗ ಎಷ್ಟರೆ ಅದ!”

“ಆಯ್ತು, ಮುಂದಿನ ಸರ್ತಿ ನೀನೇ ಊದಿ ತುಂಬು,” ಎಂದ ಜಹಾಂಗೀರ. ಡ್ರೈವರನೂ ನಕ್ಕ. ದೌಲಪ್ಪ ಜಹಾಂಗೀರನ ಎಡಕ್ಕೆ ಕುಳಿತಿದ್ದ. ಆ ಕಡೆಯ ಮಾತು ಅವನಿಗೆ ಚೆನ್ನಾಗಿ ಕೇಳುತ್ತಿತ್ತು.

ತೋಟದ ಮನೆಯ ಮುಂದೆ ದೌಲಪ್ಪನ ತಾಯಿ ಮಹಾದೇವಮ್ಮ ಸೀತನಿ ಸುಟ್ಟು ಮೊರದಲ್ಲಿ ತಿಕ್ಕುತ್ತಿದ್ದಳು. ಎಳೆ ಜೋಳದ ಆ ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು. ಜಹಾಂಗೀರ ಇಳಿಯುವ ಮುಂಚೆ ತಿನ್ನುವುದಿಲ್ಲವೆಂದು ನಾನೂ ಮುಟ್ಟಲಿಲ್ಲ. ಮುದುಕಿ ಮೊರ ಬದಿಗಿಟ್ಟು ಅವನ ಮುಖ ನೋಡಿದಳು.

“ಬಾ ತಮ್ಮಾ. ಹ್ವಾದ ವಾರ ಎಣ್ಣಿ ಬಿಟ್ಟಿದ್ನಲ್ಲ, ಕಿವಿ ನೋವು ಕಡಿಮಿ ಆಯ್ತೇನು? ಸೋರೋದು ನಿಂತದಾ?”

ಜಹಾಂಗೀರ ನನ್ನ ಕಡೆ ನೋಡಲಿಲ್ಲ.

“ಎಲ್ಲಾ ನಿಂತದ ಅವ್ವಾ. ಆ ಮಾತು ಈಗ್ಯಾಕ?”

“ಯಾಕಂದ್ರ? ತಣ್ಣೀರಾಗ ಇಳೀತಿ. ಕೂಡು ಇಲ್ಲಿ.”

ಅವಳು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಒಂದು ಬಟ್ಟಲಲ್ಲಿ ಬೆಚ್ಚಗೆ ಇಟ್ಟಿದ್ದಳು. ಅವನ ತಲೆ ಹಿಡಿದು ಎಡಕ್ಕೆ ವಾಲಿಸಿ ಬಲಗಿವಿಗೆ ಬಿಟ್ಟಳು. ದೊಡ್ಡ ಆಳು, ಹಡಗಿನ ಕೆಳಗೆ ತಿರುಗಾಡಿದವನು, ಹುಡುಗನಂತೆ ಕಣ್ಣು ಮುಚ್ಚಿ ಕುಳಿತ. ಆಮೇಲೆ ಅವಳು ಜೇನುಮೇಣ ಸವರಿ ಉಂಡೆ ಕಟ್ಟಿದ ಹತ್ತಿ ಕೊಟ್ಟಳು.

“ಇಳಿಯೋ ಮುಂದ ಗಟ್ಟಿಯಾಗಿ ಇಟ್ಕೋ. ಒಂದ್ ಹನಿ ನೀರು ಒಳಗ ಹೋಗಬಾರ್ದು.”

ಬೇರೆ ಈಜುಗಾರರ ಕಿವಿಯಿಂದ ಹತ್ತಿ ಕಿತ್ತು ಒಗೆಯುತ್ತಿದ್ದ ಮನುಷ್ಯ ಆ ಉಂಡೆಯನ್ನು ಕಿಸೆಗೆ ಹಾಕಿಕೊಂಡ. ಬೇಡ ಎನ್ನಲಿಲ್ಲ.

ಬಾವಿಯ ಸುತ್ತ ಜನ ಸೇರಿದ್ದರು. ಮೂರು ಕಾಲಿನ ಮರದ ಕಟ್ಟು ನಿಲ್ಲಿಸಿ, ಚೈನ್ ಪುಲ್ಲಿ ತೂಗುಹಾಕಿದ್ದರು. ನೀರು ಕಪ್ಪಗಿತ್ತು. ಜಹಾಂಗೀರ ರಬ್ಬರಿನ ಅಂಗಿ ತೊಟ್ಟು, ಮುಳುಗುವಾಗ ಹಾಕುವ ಗಾಜಿನ ಕನ್ನಡಕವನ್ನು ಹಣೆಗೆ ಏರಿಸಿಕೊಂಡ. ನಾನು ನಡುವಿಗೆ ಹಗ್ಗ ಕಟ್ಟಿ, ಗಂಟು ಎಳೆದು ನೋಡಿ, ಎಂದಿನಂತೆ ಕೇಳಲು ಶುರು ಮಾಡಿದೆ.

“ನೆಗಡಿ ಅದೇನ್ರಿ?”

“ಇಲ್ಲ.”

“ನಿದ್ದಿ ಆಗ್ಯದೇನು?”

“ಆಗ್ಯದ.”

“ಹೊಟ್ಟಿ?”

“ಹಗುರ ಅದ. ಲೌಕರ್ ಮಾಡು, ಚಳಿ ಬರ್ಲತ್ತದ.”

“ಕಿವಿ ಊದಿ ತೋರಿಸ್ರಿ.”

ಅವನು ಕೊರಳ ಹತ್ತಿರ ಅಂಗಿ ಸರಿಮಾಡಿಕೊಂಡ. ಆಮೇಲೆ ಮೂಗು ಹಿಡಿದು ಊದಿದ. ಬಲಗಿವಿಯಿಂದ ಸುಯ್ ಎಂದು ಸಣ್ಣ ಸೀಟಿಯಂಥ ಸಪ್ಪಳ ಬಂತು. ಮಹಾದೇವಮ್ಮ ಬಿಟ್ಟ ಎಣ್ಣೆ ಗುಳ್ಳೆಯಾಗಿ ಕಿವಿಯ ಬಾಯಿಗೆ ಬಂದು ಒಡೆಯಿತು. ಹಿಂದೆಯೇ ಇನ್ನೊಂದು ಬಂತು. ಮೂಗಿನಿಂದ ಊದಿದ ಗಾಳಿ ಕಿವಿಯಿಂದ ಹೊರಗೆ ಬರುತ್ತಿದೆ ಎಂದರೆ ನಡುವಿನ ತೆರೆ ಹರಿದಿದೆ ಎಂದು ನನಗೂ ತಿಳಿಯಿತು. ಕುತ್ತಿಗೆಗೆ ಇಳಿದ ಎಣ್ಣೆಯನ್ನು ಅವನು ಕೈಯಿಂದ ಒರೆಸಿಕೊಂಡ.

“ಸಾಫ್ ಅವ,” ಎಂದ.

ನಾನು ಅವನ ಎಡಕ್ಕೆ ಬಂದು ನಿಂತು, ಉಳಿದವರಿಗೆ ಕೇಳದ ಹಾಗೆ ಹೇಳಿದೆ:

“ಭಾಯಿ, ಇಳೀಬ್ಯಾಡ್ರಿ.”

“ಕ್ಯಾ ಬೋಲಾ?”

“ಹಗ್ಗದಂವ ಹೇಳಾಕತ್ತೀನಿ. ಇಳೀಬ್ಯಾಡ್ರಿ.”

ಅವನ ಮುಖ ಕೆಂಪಾಯಿತು. “ಇಷ್ಟು ಮಂದಿ ಮುಂದ ನನ್ನ ಮಾನ ಕಳೀತೀಯಾ ಮಲ್ಕಪ್ಪ? ಒಂದು ಸರ್ತಿ. ಸರಪಳಿ ಸಿಗಿಸಿ ಬಂದುಬಿಡ್ತೀನಿ. ಹತ್ತಿ ಅದ ನನ್ನ ಹಂತೇಲಿ.”

“ಹತ್ತಿ ಇಡಬಾರ್ದಂತ ಹೇಳಿದವ್ರು ಯಾರು?”

ನಾನು ಹಗ್ಗದ ಸುರುಳಿಯ ಮೇಲೆ ಕುಳಿತುಬಿಟ್ಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಜನಕ್ಕೆ ವಿಷಯ ತಿಳಿಯಿತು, ಗದ್ದಲ ಎದ್ದಿತು. ದೌಲಪ್ಪ ಓಡಿ ಬಂದ.

“ಏನಾಯ್ತೋ ಮಲ್ಕಪ್ಪ? ಗೊನಿ ಒಣಗಿ ಹೋಗ್ಲತ್ತಾವ, ನೀ ಇಲ್ಲಿ ಗಾದಿ ಮ್ಯಾಲೆ ಕುಂತಂಗ ಕುಂತೀದಿ! ಏಳು ಮ್ಯಾಲೆ. ನಿನಗಾಗ್ಲಿಲ್ಲಂದ್ರ ನಾ ಹಿಡೀತೀನಿ ಹಗ್ಗ.”

ಜಹಾಂಗೀರ ಅವನ ಕಡೆ ತಿರುಗಿದ. ಅವನ ಮನಸ್ಸು ಎರಡಾಗಿತ್ತು, ಅದು ಕಾಣುತ್ತಿತ್ತು. ದೌಲಪ್ಪ ಹಗ್ಗ ಹಿಡಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ, ಅವನು ಇಳಿಯಬಹುದು. ನಾನು ಸುರುಳಿಯ ಮೇಲಿಂದ ಏಳಲಿಲ್ಲ. ಆದರೂ ಅವರಿಬ್ಬರೂ ಸೇರಿ ನನ್ನನ್ನು ಬದಿಗೆ ಸರಿಸುವುದು ದೊಡ್ಡ ಕೆಲಸವೇನಲ್ಲ.

“ದೌಲಪ್ಪ,” ಎಂದ ಜಹಾಂಗೀರ. “ಕೆಳಗ ನನಗ ತಲಿ ತಿರುಗಿ, ಮ್ಯಾಲ ಯಾವ್ದು ಕೆಳಗ ಯಾವ್ದು ತಿಳೀಲಿಲ್ಲಂದ್ರ, ನಿನಗ ಹ್ಯಾಂಗ ಗೊತ್ತಾಗ್ತದ?”

ದೌಲಪ್ಪ ತಡಮಾಡಲಿಲ್ಲ. “ಒದರ್ರಿ ಸಾಬ್ರೆ. ನನ್ನ ಕಿವಿ ಭಾಳ ಚುರುಕು.”

ಬಾವಿಯ ಆಚೆ ದಂಡೆಯಿಂದ ಒಬ್ಬ ಮುದುಕ, “ಏಳಾಳು ನೀರಾಗ ಒದರ್ಬೇಕಂತೋ! ಸಾಬ್ರು ಮೀನಾಗ್ಯಾರೇನೋ?” ಎಂದ. ಎಲ್ಲರೂ ನಕ್ಕರು. ಜಹಾಂಗೀರನೂ ನಕ್ಕ. ನಗುತ್ತಲೇ ಹಣೆಯ ಮೇಲಿನ ಗಾಜಿನ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಳಿತ. ಬಹಳ ಹೊತ್ತು ನೀರು ನೋಡಿದ.

ಆಮೇಲೆ ನನಗೊಬ್ಬನಿಗೇ ಹೇಳಿದ. ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಎಲ್ಲರ ಎದೆ, ಕಣ್ಣು, ಕಿವಿ ನೋಡುತ್ತಿದ್ದರು. ಇವನ ಕಿವಿಯಲ್ಲಿ ತೂತಿದೆ, ಇನ್ನು ನೀರಿಗೆ ಇಳಿಯುವಂತಿಲ್ಲ ಎಂದು ತಿರುಗಿಸಿ ಕಳಿಸಿದರು. ಅದಕ್ಕೂ ಮುಂಚೆ, ನೆಗಡಿಯಿದ್ದ ಒಂದು ದಿನ ಇಳಿದಾಗ ಅದು ಹರಿದದ್ದು. ತಣ್ಣೀರು ಒಳಗೆ ನುಗ್ಗಿದ ಕೂಡಲೇ ಲೋಕ ಗಿರಗಿರ ತಿರುಗಿತಂತೆ.

“ನನ್ನ ಗುಳ್ಳಿ ಅಡ್ಡಡ್ಡ ಹೋದಂಗ ಕಾಣ್ತಿದ್ವು ಮಲ್ಕಪ್ಪ. ಮ್ಯಾಲಕ್ಕ ಈಜ್ಲತ್ತೀನಿ ಅಂತ ತಿಳ್ಕೊಂಡು ತಳದ ರಾಡಿಗೆ ತಲಿ ಇಟ್ಟಿದ್ದೆ. ಹಗ್ಗದಂವ ಎಳದ, ಉಳದೆ. ಇಲ್ಲಿಗಿ ಬಂದ ಮ್ಯಾಲೆ ಕೂಡಿಕೊಂಡದ ಅಂತ ಅನ್ಕೊಂಡಿದ್ದೆ. ಎರಡು ತಿಂಗಳಿಂದ ಮತ್ತ ಸೋರ್ಲತ್ತದ.”

“ಹೇಳಬೇಕಿತ್ತಿಲ್ರಿ?”

“ಹೇಳಿದ್ರ ನೀ ಹಗ್ಗ ಹಿಡೀತಿದ್ದೇನು?”

“ಇಲ್ಲ.”

“ಮತ್ತ?”

ಅಷ್ಟರಲ್ಲಿ ಮಹಾದೇವಮ್ಮ ಸೀತನಿಯ ಮೊರ ತಂದು ಅವನ ಮುಂದೆ ಇಟ್ಟಳು. “ಈಗ ತಿನ್ನಲಾಕ ಏನು ಅಡ್ಡಿಲ್ಲಲ್ಲ? ನನ್ನ ಎಣ್ಣಿ ಕಿವಿ ವಾಸಿ ಮಾಡ್ಲಿಲ್ಲ, ಹೋಗ್ಲಿ. ಚಾಡಿಯರೆ ಹೇಳ್ತು.” ಅವನು ಮೊರಕ್ಕೆ ಕೈ ಹಾಕಿದ. ನಾನೂ ಹಾಕಿದೆ.

ಮೋಟರು ಬಾವಿಯಲ್ಲೇ ಇತ್ತು. ಜಹಾಂಗೀರ ಊರಲ್ಲಿ ಪಾತಾಳಗರಡಿ ಇದೆಯೇ ಎಂದು ಕೇಳಿದ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು ಅದು. ಒಂದು ದೊಡ್ಡದು ಸಿಕ್ಕಿತು. ಅವನು ಕಟ್ಟೆಯ ಮೇಲೆ ಬೋರಲಾಗಿ ಮಲಗಿ, ಹಗ್ಗವನ್ನು ಬೆರಳಲ್ಲಿ ಹಿಡಿದು, ಇದು ಕಲ್ಲು, ಇದು ಪೈಪು ಎಂದು ಹೇಳುತ್ತ ಹೊತ್ತು ಮುಳುಗುವವರೆಗೆ ಹುಡುಕಿದ. ಪೈಪು ಮೇಲೆ ಬಂತು. ಮೋಟರು ಬರಲಿಲ್ಲ, ಕೊಕ್ಕೆ ಹಿಡಿದಂತೆ ಮಾಡಿ ಜಾರುತ್ತಿತ್ತು. ಕಡೆಗೆ ಮಗ್ಗುಲ ತೋಟದವರು ತಮ್ಮ ತೋಟಕ್ಕೆ ನೀರು ಬಿಡುವುದು ಮುಗಿಸಿ, ನೀರೆತ್ತುವ ಎರಡು ಎಂಜಿನ್ ಕೊಟ್ಟರು. ನೀರು ಎತ್ತಿ ಎತ್ತಿ ತಳ ಕಾಣಿಸಿದ ಮೇಲೆ ಮೋಟರಿಗೆ ಸರಪಳಿ ಬಿತ್ತು. ಎತ್ತಿದ ಆ ನೀರನ್ನೇ ದೌಲಪ್ಪ ಕಾಲುವೆ ಮಾಡಿ ಬಾಳೆಗೆ ತಿರುಗಿಸಿದ್ದ. ಕೆಳಗಿನ ಸಾಲಿನ ಗೊನೆಗಳು ತುಂಬಿದವು, ದಿನ್ನೆಯ ಮೇಲಿನವು ಸಣ್ಣಗೆ ಉಳಿದವು. ಅದಕ್ಕೆ ದೌಲಪ್ಪ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನೇ ಬಂದು ಬಾಳೆಹಣ್ಣಿನ ಚಿಪ್ಪೊಂದನ್ನು ನನ್ನ ಮನೆಯಲ್ಲಿ ಇಟ್ಟು ಹೋದ.

ಕಲಬುರ್ಗಿಯ ಕಿವಿ ಡಾಕ್ಟರಲ್ಲಿಗೆ ನಾನೇ ಜಹಾಂಗೀರನನ್ನು ಕರೆದುಕೊಂಡು ಹೋದೆ. ಔಷಧಿಯಿಂದ ಸೋರುವುದು ನಿಲ್ಲುತ್ತದೆ, ಬೇಕಾದರೆ ಆಪರೇಷನ್ ಮಾಡಿ ತೂತು ಮುಚ್ಚಬಹುದು, ಆದರೆ ನೀರಿನೊಳಗಿನ ಕೆಲಸ ಮರೆತುಬಿಡಿ ಎಂದರು. ಎಣ್ಣೆಯನ್ನಂತೂ ಮತ್ತೆ ಬಿಡಬೇಡಿ ಎಂದರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, “ಬಂದರಿನ್ಯಾಗ ಹಗ್ಗದಂವಗ ಕಿವಿ ನೋಡಂಗಿಲ್ಲ. ಕೈ ನೋಡ್ತಾರ,” ಎಂದ.

ಹಳೆಯ ಕಂಪನಿಗೆ ಹೇಳಿ ಕಳಿಸಿದ್ದ. ಹಗ್ಗ ಹಿಡಿಯಲು ಬಾ ಎಂದು ಅಲ್ಲಿಂದ ಮಾತು ಬಂದಾಗ ಶಿವರಾತ್ರಿ ಕಳೆದಿತ್ತು, ಚಳಿ ಬಿಟ್ಟಿತ್ತು. ಸಿಲಿಂಡರ್ ಎರಡನ್ನೂ ತನ್ನ ಜೊತೆಗೇ ಒಯ್ದ. ಇಲ್ಲಿ ಬಿಟ್ಟರೆ ಯಾರಾದರೂ ಬೆನ್ನಿಗೆ ಕಟ್ಟಿಕೊಂಡು ಇಳಿದಾರು ಎಂಬ ಹೆದರಿಕೆ ಅವನಿಗೆ. ಹಗ್ಗವನ್ನು ಮಾತ್ರ ನನಗೆ ಕೊಟ್ಟ. ಸ್ಟೇಷನ್ನಿನಲ್ಲಿ ನಾನು ಮರೆತು ಬಲಕ್ಕೆ ನಿಂತು ಏನೋ ಹೇಳಿದೆ. ಅವನು ನನ್ನ ತೋಳು ಹಿಡಿದು ಎಡಕ್ಕೆ ತಂದು ನಿಲ್ಲಿಸಿಕೊಂಡು, “ಈಗ ಹೇಳು,” ಎಂದ. ಜುಮ್ಮಾ ನಮಾಜು ಮುಗಿಸಿ, ಶುಕ್ರವಾರ ಸಂಜೆಯ ಗಾಡಿಗೆ ಜಹಾಂಗೀರ ಮುಂಬಯಿಗೆ ಹೋದ.