0.81 ಅಂದರೆ ಎರಡು ಎಕರೆ

“ನಮ್ಮ ಹೊಲ ಸೊನ್ನಿ ಆಗೇತಿ!” ಎನ್ನುತ್ತ ಗುರಲಿಂಗ ಮನೆಯೊಳಗೆ ಬಂದ. ಕೈಯಲ್ಲಿ ಊರಿನ ಜಮೀನು ಲೆಕ್ಕ ಬರೆಯುವ ತಲಾಠಿ ಕೊಟ್ಟ ಉತಾರೆ, ಅಂದರೆ ಹೊಲದ ದಾಖಲೆ ಕಾಗದ, ಇತ್ತು.

ಎಪ್ಪತ್ತರ ದಶಕದ ಮಾತಿದು. ಗಡಿಯಲ್ಲಿರುವ ಮ್ಹೈಸಾಳದ ಆಚೆಗಿನ ಒಂದು ಸಣ್ಣ ಊರು. ಚದುರಿ ಹೋಗಿದ್ದ ತುಂಡು ಹೊಲಗಳನ್ನು ಅದಲುಬದಲು ಮಾಡಿ, ಒಬ್ಬೊಬ್ಬರ ಜಮೀನನ್ನು ಒಂದೇ ಕಡೆ ಕೂಡಿಸುವ ಕೆಲಸ ನಡೆದಿತ್ತು. ಅದೇ ಹೊತ್ತಿಗೆ ಕಾಗದದಲ್ಲಿ ಎಕರೆ, ಗುಂಟೆ ಹೋಗಿ ಹೆಕ್ಟೇರ್, ಆರ್ ಎಂಬ ಹೊಸ ಅಳತೆಗಳು ಬಂದಿದ್ದವು. ಕುರಿ ಸಾಕುವ ಮನೆತನದ ಗುರಲಿಂಗನಿಗೆ ಹೊಳೆದಂಡೆಯಲ್ಲಿ ಎರಡು ಎಕರೆ ಹೊಲ. ಉತಾರೆಯಲ್ಲಿ ಈಗ ಬರೆದದ್ದು 0.81.

“ಎರಡು ಇದ್ದದ್ದು ಒಂದಕ್ಕಿಂತ ಕಡಿಮಿ ಹೆಂಗ ಆತ್ರಿ? ಹೊಳಿ ಏನ್ ಕೊಚ್ಚಿಕೊಂಡು ಹೋತೇನು?” ಎಂದಳು ಹೆಂಡತಿ ಮಾಳವ್ವ.

“ಸರಕಾರದ ಕಾಗದ ಸುಳ್ಳು ಹೇಳತೈತೇನ? ಬಾಪೂಕಾಕಾ ಪುಣ್ಯಾತ್ಮ. ನಮ್ಮ ಸೊನ್ನಿ ಪಾಯಿಂಟ ತಗೊಂಡು ಮನಿ ಹಿಂದಿನ ಪೂರಾ ಒಂದು ಎಕರೆ ಕೊಡ್ತೀನಿ ಅಂದಾರ. ಗುರುವಾರ ಚಾವಡ್ಯಾಗ ಸರಕಾರಿ ಸಾಹೇಬ್ರ ಮುಂದ ಹೆಬ್ಬೆಟ್ಟು ಒತ್ತಿದ್ರ ಮುಗೀತು.”

ಗುರಲಿಂಗ ಬಾಪೂಕಾಕಾ ಎನ್ನುವ ಬಾಪೂಸಾಹೇಬರು ಹೊಳೆದಂಡೆಯಲ್ಲಿ ಪಕ್ಕದ ಹೊಲದವರು. ಅವರು ಕೊಡುತ್ತೇನೆಂದ ಹೊಲದಲ್ಲಿ ಮಾಳವ್ವ ಕಸ ತೆಗೆಯಲು ಹೋಗಿದ್ದಳು. ನಾಲ್ಕು ಹೆಣ್ಣಾಳಿಗೆ ಒಂದು ದಿನದ ಕೆಲಸ ಅದು. ತಮ್ಮ ಹೊಲಕ್ಕೆ ಅದೇ ನಾಲ್ವರಿಗೆ ಎರಡು ದಿನ ಬೇಕಿತ್ತು. ಹಾಗಿದ್ದರೆ ತಮ್ಮದು ಚಿಕ್ಕದು ಹೇಗೆ ಎಂಬ ಲೆಕ್ಕ ಅವಳಿಗೆ ಕೂಡಲಿಲ್ಲ.

ಮರುದಿನ ಬೆಳಿಗ್ಗೆ ಉತಾರೆ ಹಿಡಿದು ಶಾಲೆಯ ಶಿಕ್ಷಕಿ ಶಾಲನಬಾಯಿಯ ಮನೆಗೆ ಹೋದಳು. ಅವರ ತಂದೆ ಜಿನಪ್ಪ ಜಮೀನು ಅಳೆಯುವ ಮೋಜಣಿ ಕೆಲಸ ಮಾಡಿದವರು.

“ನೆಲ ಎಲ್ಲೂ ಹೋಗಿಲ್ಲ ಮಾಳವ್ವಾ, ಅಳತಿ ಹೆಸರು ಬದಲಾಗೇತಿ,” ಎಂದರು ಶಾಲನಬಾಯಿ. “ಎಕರೆಕ್ಕ ಗುಂಟೆ ಎಷ್ಟು?”

“ನಲವತ್ತು.”

“ಆರ್ ಅನ್ನೂವು ಹೆಕ್ಟೇರಕ್ಕ ನೂರು. ಒಂದು ಆರ್ ಅಂದ್ರ ಹೆಚ್ಚುಕಡಿಮಿ ಒಂದು ಗುಂಟೆ. ಈಗ ನೋಡು, ಚುಕ್ಕಿ ಮುಂದ ಏನೈತಿ?”

ಅಕ್ಷರ ಬಾರದಿದ್ದರೂ ಮಾಳವ್ವನಿಗೆ ಅಂಕಿ ಬರುತ್ತಿತ್ತು. “ಎಂಬತ್ತೊಂದು.”

“ಅಷ್ಟು ಆರ್. ಆರ್ ಗುಂಟೆಕ್ಕಿಂತ ಒಂದೀಟು ಸಣ್ಣದು, ಅಂದ್ರ ಎಂಬತ್ತು ಗುಂಟೆ.”

ಮಾಳವ್ವ ಬೆರಳು ಮಡಚಿದಳು. ನಲವತ್ತು, ಮತ್ತೊಂದು ನಲವತ್ತು. “ಬಾಯಾರ! ಎರಡು ಎಕರೆನ ಐತಲ್ರಿ!”

ಅವಳ ಹಿಂದೆಯೇ ಬಂದಿದ್ದ ಗುರಲಿಂಗ ಒಪ್ಪಲಿಲ್ಲ. “ಇದು ಹಾಳಿ ಮ್ಯಾಲಿನ ಲೆಕ್ಕ. ನೆಲ ಒಪ್ಪಬೇಕಲ್ಲ?”

“ನೆಲಾನ ಕೇಳೂನು ನಡಿ,” ಎಂದು ಜಿನಪ್ಪ ಮೂವತ್ಮೂರು ಅಡಿಯ ಹಗ್ಗ ತಂದರು. ಅಷ್ಟು ಉದ್ದ, ಅಷ್ಟೇ ಅಗಲ ಇದ್ದರೆ ಒಂದು ಗುಂಟೆ. ಹಗ್ಗದ ಒಂದು ತುದಿಯನ್ನು ಗುರಲಿಂಗನೇ ಹಿಡಿದ. ಹೊಳೆದಂಡೆಯ ಹೊಲ ಉದ್ದಕ್ಕೆ ಹತ್ತು ಹಗ್ಗ, ಅಗಲಕ್ಕೆ ಎಂಟು. ಎಂಬತ್ತು ಗುಂಟೆ. ಮನೆ ಹಿಂದಿನ ಹೊಲ ಎಂಟು ಹಗ್ಗ, ಐದು ಹಗ್ಗ. ನಲವತ್ತೇ.

ಗುರಲಿಂಗ ಬದುವಿನ ಮೇಲೆ ಕುಸಿದು ಕುಳಿತ. “ಅರ್ಧಾ ಹೊಲ ಸುಮ್ನ ಕೊಡಾಕ ಹೊಂಟಿದ್ನಲ್ಲ, ಮಾಳವ್ವಾ!”

ಗುರುವಾರ ಚಾವಡಿ ತುಂಬಿತ್ತು. ಅಧಿಕಾರಿ ಅವರ ಹೆಸರು ಕೂಗಿದರು. ಗಂಡ ಬಾಯಿ ತೆರೆಯುವ ಮೊದಲೇ ಮಾಳವ್ವ ಎದ್ದು ನಿಂತಳು. ಆ ಚಾವಡಿಯಲ್ಲಿ ಹೆಣ್ಣುಮಗಳೊಬ್ಬಳು ಮಾತಾಡಿದ್ದು ಅದೇ ಮೊದಲು.

“ಸಾಹೇಬ್ರ, ನಮ್ಮ ಹೊಲ ಹೆಕ್ಟೇರಿನಾಗ ಹೇಳ್ತಾರ, ಅವರದು ಎಕರೆದಾಗ ಹೇಳ್ತಾರ. ಎರಡೂ ಒಂದ ಅಳತಿಯೊಳಗ ಓದ್ರಿ.”

ಅಧಿಕಾರಿ ಎರಡೂ ಉತಾರೆ ಪಕ್ಕಪಕ್ಕ ಇಟ್ಟರು. “ಇವರದು 0.81, ಬಾಪೂಸಾಹೇಬರದು 0.40,” ಎಂದು ಗಟ್ಟಿಯಾಗಿ ಓದಿ, “ಅರ್ಧಕ್ಕರ್ಧ ಫರಕ ಐತಿ. ಈ ಅದಲುಬದಲು ಆಗೂದಿಲ್ಲ,” ಎಂದರು.

“ನನಗೂ ಈ ಹೊಸ ಲೆಕ್ಕ ತಿಳೀಲಿಲ್ಲ ಬಿಡ್ರಿ,” ಎಂದರು ಬಾಪೂಸಾಹೇಬರು. ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಹೊಲ ಮಾತ್ರ ಮಾಳವ್ವನ ಮನೆಯಲ್ಲೇ ಉಳಿಯಿತು.

ಅವಳು ಚಾವಡಿಯ ಮೆಟ್ಟಿಲು ಇಳಿಯಲು ಜನ ಬಿಡಲಿಲ್ಲ. ಅದೇ ಊರಿನ ತುಳಸವ್ವ ತನ್ನ ಉತಾರೆ ಮುಂದೆ ಹಿಡಿದಳು. “0.20! ಅರ್ಧಾ ಎಕರೆ ಐತಿ ತುಳಸವ್ವಾ, ಹೆದರಬ್ಯಾಡ!” ಸಂಜೆಯೊಳಗೆ ಹನ್ನೊಂದು ಮನೆಯ ಕಾಗದ ಓದಿದಳು. ಗುರಲಿಂಗ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತ, “ತಡೀರಿ, ನನ್ನ ಹೇಣತಿ ಎಲ್ಲಾರದೂ ಓದ್ತಾಳ,” ಎನ್ನುತ್ತಿದ್ದ. ಅವನ ಎದೆ ಉಬ್ಬಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಉತಾರೆಯನ್ನೂ ಇವತ್ತೇ ಹೊರಗೆ ತೆಗೆಯಿರಿ. ಚುಕ್ಕಿಯ ಹಿಂದಿನ, ಅಂದರೆ ಎಡಗಡೆಯ ಅಂಕಿ ಹೆಕ್ಟೇರ್. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಚುಕ್ಕಿಯ ಮುಂದಿನ, ಅಂದರೆ ಬಲಗಡೆಯ ಎರಡು ಅಂಕಿ ಆರ್. ಅದನ್ನು ಹೆಚ್ಚುಕಡಿಮೆ ಗುಂಟೆ ಎಂದೇ ಓದಿ. ನಲವತ್ತಾದರೆ ಒಂದು ಎಕರೆ. ಪಾಲು ಮಾಡುವಾಗ, ಮಾರುವಾಗ, ಬದಲಿಸುವಾಗ ಎರಡೂ ಹೊಲವನ್ನು ಒಂದೇ ಅಳತೆಯಲ್ಲಿ ಕೇಳಿ. ಅನುಮಾನ ಬಂದರೆ ಸರ್ಕಾರಿ ಮೋಜಣಿ ಮಾಡಿಸಿ. ಕೇಳಲು ನಾಚಬೇಡಿ. ಲೆಕ್ಕ ತಿಳಿಯುವವರೆಗೆ ಸಹಿಯನ್ನೂ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ.