ಹೆಸರಹಬ್ಬದ ಗಾಳಿ

ಮೂವತ್ತು, ಪರದೆಯ ಮೇಲಿನ ಹಸಿರು ಅಂಕಿ ಮತ್ತೆ ಏರುತ್ತಿದೆ, ಯಾಕೆ ಏರುತ್ತಿದೆ, ಬೆಳಿಗ್ಗೆ ಪೊಲಿಕ್ಸೇನಿ ಬಂದು ದೀಪ ಹಾಕಿದಾಗ ಹತ್ತೊಂಬತ್ತರಲ್ಲಿ ತೂಕಡಿಸುತ್ತಿತ್ತು, ಆಮೇಲೆ ಅವಳು ಒಂದು ತಿರುಪನ್ನೂ ಮುಟ್ಟಿಲ್ಲ, ಹಣ ಕೊಡುವ ಬ್ರಸೆಲ್ಸ್‌ನವರು ಒಬ್ಬೊಬ್ಬರಾಗಿ ಒಳಗೆ ಬಂದರು, ಒದ್ದೆ ಕೋಟುಗಳು, ನೆಲಮಾಳಿಗೆಯ ಕಿಟಕಿ ಭದ್ರವಾಗಿ ಮುಚ್ಚಿದೆ, ಪ್ರೊಫೆಸರ್ ಕಲ್ಲಿನಿಕೋಸ್ ಆಗಲೇ ಬೆಣ್ಣೆ ಸವರಿದ ದನಿಯಲ್ಲಿ ಶುರುಮಾಡಿದ್ದಾರೆ — ನೋಡಿ, ಈ ಕೊಳವೆ ಗಾಳಿಯನ್ನ ಒಳಗೆ ಎಳ್ಕೊಳ್ಳತ್ತೆ, ಈ ಕ್ಷಾರದ ನೀರು ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡನ್ನ ಕುಡಿಯತ್ತೆ, ಸೆಲ್ಲಿನಲ್ಲಿ ಕರೆಂಟು ಆ ನೀರನ್ನ ಹುಳಿ ಮಾಡತ್ತೆ, ಕುಡಿದಿದ್ದನ್ನೆಲ್ಲ ಗುಳ್ಳೆಯಾಗಿ ಕಕ್ಕಿಸತ್ತೆ, ಪೊರೆಯ ಆಚೆ ಬದಿಗೆ ಮತ್ತೆ ಕ್ಷಾರ ತಯಾರು, ಒಲೆ ಬೇಡ, ಬೆಂಕಿ ಬೇಡ — ಇದನ್ನೆಲ್ಲ ಹೇಳಬೇಕಾದವಳು ಅವಳು, ಒಣಗಿದರೆ ಸತ್ತೇಹೋಗುವ ಆ ಪೊರೆಯನ್ನು ವರ್ಷಗಟ್ಟಲೆ ಒದ್ದೆಯಲ್ಲಿಟ್ಟು ಕೂಸಿನಂತೆ ಸಾಕಿದವಳು, ಇರಲಿ, ಅವರಿಗೆ ಮಾತು ಬರುತ್ತದೆ, ಮೂವತ್ತೊಂದು, ಗಂಟೆಗೆ ಇಪ್ಪತ್ತು ಗ್ರಾಂ ಹಿಡಿದು ತೋರಿಸಿದರೆ ಇನ್ನೂ ಮೂರು ವರ್ಷ ಈ ಕೋಣೆ ಉಳಿಯುತ್ತದೆ, ಇಲ್ಲವಾದರೆ ಕ್ರಿಸ್‌ಮಸ್‌ಗೆ ಬೀಗ, ತನಗೆ ಎಲ್ಲಾದರೂ ಪಾಠ ಹೇಳುವ ಕೆಲಸ ಸಿಕ್ಕೀತು, ಪಂಪು ನೋಡಿಕೊಳ್ಳುವ ಅರ್ಗಿರಿಸನಿಗೆ? ಪಿಂಚಣಿಗೆ ಇನ್ನೆರಡು ವರ್ಷ ಇರುವಾಗ ಥೆಸಲೊನೀಕಿಯಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ, ಅಗೋ ಮೂಲೆಯಲ್ಲಿ ನಿಂತಿದ್ದಾನೆ, ಮದುವೆಯ ಕೋಟು ಹಾಕಿಕೊಂಡು, ಗುಂಡಿ ಕೂಡುತ್ತಿಲ್ಲ, ಪಾಪ.

ಮೂವತ್ತೆರಡು, ಈ ಅಂಕಿಯನ್ನು ಹಿಂದೆ ಒಮ್ಮೆ ಮಾತ್ರ ನೋಡಿದ್ದು, ಸೆಪ್ಟೆಂಬರಿನಲ್ಲಿ, ಅವಳ ಹೆಸರಿನ ಸಂತಳ ದಿನ, ಹೆಸರಹಬ್ಬದವಳು ಎಲ್ಲರ ಬಾಯಿ ಸಿಹಿ ಮಾಡಿಸಬೇಕಲ್ಲ, ದೊಡ್ಡ ತಟ್ಟೆ ತುಂಬ ಬುಗಾತ್ಸ ತಂದಿದ್ದಳು, ಇಡೀ ನೆಲಮಾಳಿಗೆಯಲ್ಲಿ ದೊಡ್ಡ ಮೇಜಿರುವುದು ಈ ಕೋಣೆಯಲ್ಲಿ ಮಾತ್ರ, ಬಂದರು ನೋಡಿ, ಗುಮಾಸ್ತರು, ಕಸ ಗುಡಿಸುವವರು, ಪಕ್ಕದ ಲ್ಯಾಬಿನವರು, ನೂರ್ಕಾಲ ಬಾಳಮ್ಮ ಕ್ಸೇನಿ, ಇನ್ನೊಂದು ತುಂಡು ಕೊಡೇ, ಜಿಪುಣಿ, ಗಡಿಯಾರಕ್ಕೂ ಸಕ್ಕರೆಪುಡಿ ಮೆತ್ತಿತ್ತು, ಮಧ್ಯಾಹ್ನದವರೆಗೆ ಹರಟೆ, ಆಗಲೇ ಅಂಕಿ ಮೂವತ್ತೆರಡಕ್ಕೆ ಹಾರಿ ಪ್ರೊಫೆಸರ್ ಕೂಗಿದ್ದು, ನಿನ್ನ ಸಂತಳು ಕಣ್ಣು ಬಿಟ್ಟಳು ಕಣೇ! ಅದೇ ದಿನ ಆ ಅಂಕಿಯನ್ನು ಬ್ರಸೆಲ್ಸ್‌ಗೆ ಕಳಿಸಿಯೂ ಬಿಟ್ಟರು, ಸಂತಳು, ಹೌದು, ಸಂತಳು — ಅಯ್ಯೋ ದೇವರೇ. ಜನ. ಅವತ್ತೂ ಜನ, ಇವತ್ತೂ ಜನ, ಕೊಳವೆ ಎಳೆಯುವುದು ಈ ಕೋಣೆಯ ಗಾಳಿಯನ್ನೇ ತಾನೆ, ಕೂತಲ್ಲೇ ಕೂತ ಒಬ್ಬ ಮನುಷ್ಯ ಗಂಟೆಗೆ ಉಸಿರಿನಲ್ಲಿ ಬಿಡುವುದು ಈ ಯಂತ್ರ ಹಿಡಿಯುವುದಕ್ಕಿಂತ ಹೆಚ್ಚು, ಶಾಲೆಯ ಮಕ್ಕಳಿಗೂ ಗೊತ್ತಿರುವುದು, ಇಷ್ಟು ಓದಿದವರು ಬುಗಾತ್ಸ ತಿನ್ನುತ್ತ ಮರೆತೆವಲ್ಲ, ನಮ್ಮ ಉಸಿರನ್ನೇ ಹಿಡಿದು ನಾವೇ ಚಪ್ಪಾಳೆ ತಟ್ಟಿಕೊಂಡೆವಲ್ಲ, ನಾಚಿಕೆಯಿಂದ ಕಿವಿ ಬಿಸಿಯಾಯಿತು, ಸುಮ್ಮನಿರಬಹುದು, ಬಂದವರು ಬರೆದುಕೊಂಡು ಹೋಗುತ್ತಾರೆ, ಸುಮ್ಮನಿರು ಕ್ಸೇನಿ — ಆದರೆ ಬಾಯಿ ಆಗಲೇ ತೆರೆದಿತ್ತು, ದಯವಿಟ್ಟು ಎಲ್ಲರೂ ಹೊರಗೆ ಬನ್ನಿ, ಈ ಅಂಕಿ ನಿಮ್ಮ ಉಸಿರಿನದು, ಯಂತ್ರದ್ದಲ್ಲ, ಕಿಟಕಿ ತೆಗೀತೀನಿ, ಸ್ವಲ್ಪ ಹೊತ್ತು ಕಾಯೋಣ, ಪಂಪಿಗೆ ಅರ್ಗಿರಿಸ್ ಒಬ್ಬರಿದ್ದರೆ ಸಾಕು.

ಬಾಗಿಲಿನ ಗಾಜಿನಾಚೆ ಅಂಕಿ, ಇಪ್ಪತ್ತೆಂಟು, ನೀರು ಸುತ್ತಿ ಬರಬೇಕಲ್ಲ, ನಿಧಾನ, ಬ್ರಸೆಲ್ಸ್‌ನ ಹೆಂಗಸು ಕನ್ನಡಕ ಒರೆಸಿಕೊಳ್ಳುತ್ತಾಳೆ, ಪ್ರೊಫೆಸರ್ ಕಿವಿಯ ಹತ್ತಿರ ಬಂದು, ತಲೆಗಿಲೆ ಕೆಟ್ಟಿದೆಯಾ ನಿನಗೆ, ಕೇಳಿದವರು ಯಾರು ನಿನ್ನ, ಇಪ್ಪತ್ನಾಲ್ಕು, ನಿಲ್ಲು ಅಲ್ಲೇ, ಇಪ್ಪತ್ತೊಂದು, ನಿಲ್ಲೇ ನನ್ನವ್ವ, ಇಪ್ಪತ್ತು, ಹತ್ತೊಂಬತ್ತು, ನಿಂತಿತು, ಒಂದು ಗ್ರಾಂ, ಒಂದೇ ಒಂದು ಗ್ರಾಂ, ಅರ್ಗಿರಿಸನಿಗೆ ಹೇಗೆ ಹೇಳುವುದು — ತಡಿ, ಇಪ್ಪತ್ತು, ಇಪ್ಪತ್ತೆರಡು, ಅವಳ ಪೊರೆ, ಬಂಗಾರದಂಥ ಪೊರೆ, ಪ್ರೊಫೆಸರ್ ಮುಖ ಅರಳಿತು, ಹೆಂಗಸು ಪೆನ್ನು ತೆಗೆದಳು, ಅಷ್ಟರಲ್ಲಿ ಪಂಪಿನ ಹತ್ತಿರ ಅರ್ಗಿರಿಸ್ ಇಲ್ಲ, ಎಲ್ಲಿ ಹೋದ, ಮೇಜಿನ ಹಿಂದೆ ಮದುವೆಯ ಕೋಟಿನ ಬೆನ್ನು, ಮೊಣಕಾಲೂರಿ ಕೂತಿದ್ದಾನೆ, ಗಾಳಿ ಎಳೆಯುವ ಕೊಳವೆಗೆ ಬಾಯಿ ಹಚ್ಚಿ ಊದುತ್ತಿದ್ದಾನೆ, ಕೆನ್ನೆ ಉಬ್ಬುತ್ತದೆ, ಊದುತ್ತಾನೆ, ಮತ್ತೆ ಉಬ್ಬುತ್ತದೆ, ನಗು ಬಂತು, ಯಾರೂ ನೋಡಿಲ್ಲ, ಇವಳೊಬ್ಬಳೇ, ಗಾಜಿಗೆ ಅಡ್ಡ ನಿಂತರಾಯಿತು, ಅರ್ಧ ಹೆಜ್ಜೆ, ಅವನಿಗೆ ಬೇಕಾದದ್ದು ಎರಡೇ ವರ್ಷ, ಅಡ್ಡ ನಿಂತಳು, ನಿಂತೇ ಇದ್ದಳು, ಇಪ್ಪತ್ತಮೂರು, ಹಾಗಾದರೆ ಇವರನ್ನೆಲ್ಲ ಹೊರಗೆ ಕರೆತಂದದ್ದು ಯಾತಕ್ಕೆ, ಕೈ ಹಿಂದಕ್ಕೆ ಹೋಗಿ ಹಿಡಿಯನ್ನು ತಿರುಗಿಸಿತು, ಬಾಗಿಲು ಪೂರ್ತಿ ತೆರೆಯಿತು, ಸಾಕು ಅರ್ಗಿರಿಸ್ ಅವರೇ, ಹೊರಗೆ ಬನ್ನಿ — ಅವನು ತಿರುಗಿದ, ಎಳೆದುಕೊಂಡ ಉಸಿರು ಇನ್ನೂ ಬಾಯಲ್ಲಿದೆ, ಎಲ್ಲರೂ ನೋಡುತ್ತಿದ್ದಾರೆ, ಸಿಕ್ಕಿಬಿದ್ದ ಮೇಲೆ ಇದನ್ನೂ ಒಳಗೆ ಬಿಟ್ಟರೆ ಅಂಕಿ ಇನ್ನಷ್ಟು ಸುಳ್ಳಾಗುತ್ತದೆ ಎಂದೋ ಏನೋ ಬಿಡುತ್ತಿಲ್ಲ, ಮುಖ ಕೆಂಪಗೆ, ಕಣ್ಣು ಅವಳ ಮೇಲೆ, ಉಬ್ಬಿದ ಕೆನ್ನೆ, ಬಿಡಿ ಅರ್ಗಿರಿಸ್ ಅವರೇ, ಉಸಿರು ಬಿಡಿ, ಬಿಡುತ್ತಿಲ್ಲ, ಉಬ್ಬಿದ ಕೆನ್ನೆ, ಉಬ್ಬಿದ ಎರಡು ಕೆನ್ನೆ