ನಾನು ವಾಲಿದ ದಿನ

ಆಫೀಸಿನವರು ಮನೆ ನೋಡಲು ಬರುವ ದಿನ ನಮ್ಮಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರ ಕಾಲೂ ಎಂದರೆ ನನ್ನ ತಂಗಿಯದು. ನನ್ನ ಕಾಲು ನೆಲಕ್ಕೆ ಊರಿ ಎಷ್ಟೋ ವರ್ಷಗಳಾದವು. ಮನೆಯಲ್ಲಿ ನನಗೆ ಗಂಡು ಹುಡುಕುತ್ತಿದ್ದ ವಯಸ್ಸಿನಲ್ಲಿ ಬಂದ ಜ್ವರವೊಂದು ಕತ್ತಿನಿಂದ ಕೆಳಗಿನದನ್ನೆಲ್ಲ ಹೊತ್ತುಕೊಂಡು ಹೋಯಿತು, ಬಾಯಿಯೊಂದನ್ನು ಬಿಟ್ಟಿತು. ಅದನ್ನೂ ಒಯ್ದಿದ್ದರೆ ಮನೆ ತಣ್ಣಗಿರುತ್ತಿತ್ತು ಎಂದು ತಂಗಿ ಆಗಾಗ ಹೇಳುತ್ತಾಳೆ.

ಸುದ್ದಿ ತಂದವಳು ಪಕ್ಕದ ಮನೆಯ ಟೈಲರಮ್ಮ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಓಡಿಬಂದಿದ್ದಳು. ಅಂಗವಿಕಲರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೆ ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡುತ್ತದಂತೆ, ಅಳತೆ ಕೊಡಲು ಬಂದಾಕೆ ಹೇಳಿದಳು ಎಂದಳು. ಅಂಗವಿಕಲರಿಗೆ ಇರಬೇಕು, ನೀನು ತಪ್ಪು ಕೇಳಿಸಿಕೊಂಡಿದ್ದೀಯ ಎಂದು ನಾನು ಜಬರಿಸಿದೆ. ಅಲ್ಲ, ನೋಡಿಕೊಳ್ಳುವವರಿಗೇ ಎಂದು ಅವಳು ಹಟ ಹಿಡಿದಳು. ವಿಚಾರಿಸಿದರೆ ಅವಳದೇ ಸರಿ. ಅರ್ಜಿ ಹಾಕಿದೆವು, ಆಫೀಸಿನವರು ಮನೆಗೆ ಬಂದು ನೋಡಿ ಬರೆದುಕೊಂಡು ಹೋಗುತ್ತಾರೆ ಎಂದು ಕಾಗದ ಬಂತು.

ಆ ಭತ್ಯೆ ನಮಗೆ ಬೇಕೇ ಬೇಕಿತ್ತು. ಅಪ್ಪ ಇರುವವರೆಗೆ ಅವರ ಪೆನ್ಷನ್ನಿನಲ್ಲಿ ಮೂವರ ಹೊಟ್ಟೆಪಾಡು ನಡೆಯುತ್ತಿತ್ತು. ಅಪ್ಪನ ಜೊತೆಗೆ ಪೆನ್ಷನ್ನೂ ಹೋಯಿತು. ಭತ್ಯೆ ಸಿಗದಿದ್ದರೆ ಉಳಿದಿದ್ದು ಒಂದೇ ದಾರಿ. ತಂಗಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಹೋಗಬೇಕು, ನಾನು ಊರಾಚೆಯ ಆರೈಕೆ ಕೇಂದ್ರಕ್ಕೆ ಸೇರಬೇಕು. ಆ ಕೇಂದ್ರವನ್ನು ನಾವಿಬ್ಬರೂ ಒಮ್ಮೆ ನೋಡಿ ಬಂದಿದ್ದೆವು. ಸಾಲು ಮಂಚ, ಎಲ್ಲರ ಮುಖವೂ ಸೂರಿನ ಕಡೆಗೆ. ವಾಪಸು ಬರುವಾಗ ದಾರಿಯುದ್ದಕ್ಕೂ ತಂಗಿ ಮಾತಾಡಲಿಲ್ಲ. ನಾನೂ ಆಡಲಿಲ್ಲ ಎಂದರೆ ಎಷ್ಟು ಹೆದರಿದ್ದೆ ಎಂದು ನೀವೇ ಲೆಕ್ಕ ಹಾಕಿ.

ಈಗ ನಮ್ಮ ನಾಟಕದ ವಿಷಯ ಹೇಳಬೇಕು. ಯಾರಾದರೂ ನನ್ನನ್ನು ನೋಡಿ ಅಯ್ಯೋ ಪಾಪ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ನಾವಿಬ್ಬರೂ ಒಂದು ನಾಟಕ ಕಟ್ಟಿದ್ದೇವೆ. ಗೇಟಿನ ಸದ್ದಾದರೆ ಸಾಕು, ತಂಗಿ ಬೆಡ್‌ಪ್ಯಾನನ್ನು ಮಂಚದಡಿಗೆ ನೂಕಿ, ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುತ್ತಾಳೆ. ಎಡಗಡೆಗೆ ವಾಲದ ಹಾಗೆ ಶಾಲಿನೊಳಗೆ ಒಂದು ದಿಂಬು. ಮೂಗಿನ ಮೇಲೆ ಕನ್ನಡಕ. ತೊಡೆಯ ಮೇಲೆ ತೆರೆದ ಪುಸ್ತಕ, ಹಾಳೆಯ ಮೇಲೆ ನನ್ನ ಬಲಗೈ, ಈಗ ತಾನೇ ಮಗುಚಲು ಹೊರಟ ಹಾಗೆ. ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಟೀ ಲೋಟ. ಆ ಅರ್ಧವನ್ನು ಕುಡಿಯುವವಳು ತಂಗಿಯೇ. ಬಂದವರು ಪರವಾಗಿಲ್ಲವೇ, ಇವಳು ಗಟ್ಟಿಗಿತ್ತಿ ಎಂದುಕೊಂಡು ಹೋಗುತ್ತಾರೆ. ಅವರು ಗೇಟು ದಾಟಿದ ಮೇಲೆ ನಾವು ಬಿದ್ದು ಬಿದ್ದು ನಗುತ್ತೇವೆ.

ಆ ದಿನ ಬೆಳಗ್ಗೆಯಿಂದ ತಂಗಿ ಕಿಟಕಿಗೂ ಬಾಗಿಲಿಗೂ ಓಡಾಡುತ್ತಲೇ ಇದ್ದಳು. ಸಕ್ಕರೆ ಡಬ್ಬಿಗೆ ಉಪ್ಪು ಸುರಿದಳು. ನನ್ನ ಎದೆಯೂ ಡವಗುಟ್ಟುತ್ತಿತ್ತು, ಆದರೆ ಅಕ್ಕನಾದವಳು ಅದನ್ನೆಲ್ಲ ತೋರಿಸಿಕೊಳ್ಳಬಾರದು. ಸುಮ್ಮನೆ ಒಂದು ಕಡೆ ಕೂತ್ಕೋ ಎಂದು ಗದರಿದೆ. ಅಷ್ಟರಲ್ಲಿ ಗೇಟು ಕಿರ್ರೆಂದಿತು. ತಂಗಿ ಹಿಂದೆಮುಂದೆ ನೋಡದೆ ನನ್ನನ್ನು ಎತ್ತಿದಳು, ಕೂರಿಸಿದಳು, ದಿಂಬು ತುರುಕಿದಳು, ಕನ್ನಡಕ ಏರಿಸಿದಳು, ಪುಸ್ತಕ ತೆರೆದಳು, ಟೀ ಗುಟುಕರಿಸಿದಳು. ನಾನೂ ಮುಖವನ್ನು ಬಿಗಿ ಮಾಡಿ ಓದುವವಳ ಹಾಗೆ ಹುಬ್ಬು ಗಂಟಿಕ್ಕಿದೆ. ಯಾರ ಮುಂದೆ ಈ ಆಟ ಹೂಡುತ್ತಿದ್ದೇವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮಂಥ ಪೆದ್ದಿಯರು ಇನ್ನೊಬ್ಬರಿದ್ದರೆ ತೋರಿಸಿ.

ಆಫೀಸಿನಮ್ಮ ಒಳ್ಳೆಯವಳೇ. ಬಿಸಿಲಿಗೆ ಮುಖ ಕೆಂಪಾಗಿತ್ತು, ಚಪ್ಪಲಿಯ ಪಟ್ಟಿ ಕಿತ್ತು ಪಿನ್ನು ಹಾಕಿಕೊಂಡಿದ್ದಳು. ಮನೆಯನ್ನು ಸುತ್ತ ನೋಡಿ ಎಷ್ಟು ಚೊಕ್ಕಟವಾಗಿದೆ ಎಂದು ಮೆಚ್ಚಿದಳು. ಓದುವ ಅಭ್ಯಾಸವಿದೆಯಾ ಎಂದು ಕೇಳಿದಳು. ಮಧ್ಯಾಹ್ನವೆಲ್ಲ ಓದುತ್ತೇನೆ ಎಂದೆ. ಟೀ ಆಯಿತಾ ಎಂದಳು. ಈಗಷ್ಟೇ ಆಯಿತು ಎಂದೆ. ಬಾಯಿಗೆ ರೂಢಿಯಾದ ಮಾತು, ತಾನಾಗಿಯೇ ಬಂತು. ಆಮೇಲೆ ಅವಳು ತಂಗಿಯ ಕಡೆ ತಿರುಗಿದಳು.

"ನೀವೇನು ಕೆಲಸ ಮಾಡ್ತೀರಿ?"

"ಏನೂ ಇಲ್ಲ ಮೇಡಂ. ಸುಮ್ನೆ ಮನೇಲೇ ಇರ್ತೀನಿ."

ಆಫೀಸಿನಮ್ಮ ಪೆನ್ನಿನ ಕ್ಯಾಪು ಹಾಕಿದಳು. ನಿಮ್ಮನ್ನು ನೋಡಿ ಸಂತೋಷವಾಯಿತು, ಆದರೆ ಈ ಭತ್ಯೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಲಾಗದವರನ್ನು ನೋಡಿಕೊಳ್ಳುವವರಿಗೆ ಮಾತ್ರ ಎಂದು ಬಹಳ ಮೆತ್ತಗೆ ಹೇಳಿದಳು. ತಂಗಿಗೆ ಕೈಕಾಲೇ ಆಡದಂತಾಯಿತು. ನನಗೆ ಅದು ದಿನದ ಪಾಡು, ಅವಳಿಗೆ ಹೊಸದು.

ನಾನು ಬಡಬಡನೆ ನಿಜ ಒದರಿದೆ. ಇದೆಲ್ಲ ನಾಟಕ, ಟೀ ಕುಡಿದವಳು ಅವಳು, ನನ್ನ ಒಂದು ಬೆರಳೂ ಆಡುವುದಿಲ್ಲ, ಡಾಕ್ಟರ ಸರ್ಟಿಫಿಕೇಟು ನೋಡಿ ಎಂದೆ. ಆಫೀಸಿನಮ್ಮ ನಿಟ್ಟುಸಿರು ಬಿಟ್ಟಳು. ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರಿದೆ, ಮನೆಯಲ್ಲಿ ನಡೆಯುವುದನ್ನು ನೋಡಿ ಬರೆಯಬೇಕಾದವಳು ತಾನು ಎಂದಳು. ಭತ್ಯೆ ಸಿಗುವುದಿಲ್ಲ ಎಂದ ಮೇಲೆ ಎಲ್ಲರೂ ಹೀಗೇ ಹೇಳುತ್ತಾರೆ ಎಂದೂ ಸೇರಿಸಿದಳು. ಹೋದ ವಾರ ಒಬ್ಬ ಮಂಚ ಹಿಡಿದು ನರಳುತ್ತಿದ್ದನಂತೆ, ಇವಳು ಛತ್ರಿ ಮರೆತೆನೆಂದು ವಾಪಸು ಹೋದರೆ ಅದೇ ಮನುಷ್ಯ ಏಣಿ ಹತ್ತಿ ಬಲ್ಬು ಹಾಕುತ್ತಿದ್ದನಂತೆ. ಅವಳದೂ ತಪ್ಪಿರಲಿಲ್ಲ. ಅವಳು ಚೀಲವನ್ನು ಹೆಗಲಿಗೇರಿಸಿದಳು. ನನ್ನ ಕಣ್ಣ ಮುಂದೆ ಆ ಸಾಲು ಮಂಚಗಳು ಬಂದು ನಿಂತವು.

"ಮೇಡಂ, ಸ್ವಲ್ಪ ಹೊತ್ತು ಕೂತ್ಕೊಳ್ಳಿ," ಎಂದೆ. "ತಂಗೀ, ನನ್ನ ಎಡಗಡೆ ದಿಂಬು ತಗೊಂಡು ಹೊರಗೆ ಹೋಗು. ನಾನು ಕೂಗಿದ್ರೂ ಬರಬೇಡ. ಮೇಡಂ ಕರೆದ್ರೆ ಮಾತ್ರ ಬಾ."

"ಬೀಳ್ತೀಯ ಅಕ್ಕ."

"ಬಿದ್ರೆ ಬೀಳ್ತೀನಿ. ಹೋಗು ಅಂದೆ."

ಅವಳು ಶಾಲಿನೊಳಗೆ ಕೈ ಹಾಕಿ ದಿಂಬು ಎಳೆದಳು. ಅಲ್ಲೊಂದು ದಿಂಬು ಇರಬಹುದೆಂದು ಆಫೀಸಿನಮ್ಮ ಅಂದುಕೊಂಡಿರಲಿಲ್ಲ. ಅವಳು ಚೀಲ ಇಳಿಸಿ ಮತ್ತೆ ಕೂತಳು. ತಂಗಿ ಹೊರಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು.

ಮೊದಲು ಹೊರಟಿದ್ದು ಕನ್ನಡಕ. ಮೂಗಿನ ಬೆವರಿನ ಮೇಲೆ ಮೆಲ್ಲಗೆ ಜಾರಿ ತುದಿಯಲ್ಲಿ ನಿಂತಿತು. ಆಮೇಲೆ ನೊಣವೊಂದು ಬಂದು ತುಟಿಯ ಮೇಲೆ ಕೂತಿತು. ಊದಿದೆ, ಎದ್ದು ಒಂದು ಸುತ್ತು ಹಾಕಿ ಅಲ್ಲೇ ಕೂತಿತು. ಆಫೀಸಿನಮ್ಮನ ಕೈ ಮೇಲೆದ್ದಿತು. ಮುಟ್ಟಬೇಡಿ ಮೇಡಂ ಎಂದೆ. ತೊಡೆಯ ಮೇಲಿನ ಪುಸ್ತಕ ಧೊಪ್ಪನೆ ಬಿತ್ತು. ಅದರ ಹಿಂದೆಯೇ ನನ್ನ ಬಲಗೈ ಜಾರಿ, ಯಾರೋ ಮರೆತುಹೋದ ಟವೆಲ್ಲಿನ ಹಾಗೆ ಕುರ್ಚಿಯ ಪಕ್ಕ ಜೋತಾಡತೊಡಗಿತು.

ಆಮೇಲೆ ನಾನೇ ಹೊರಟೆ. ಎಡಕ್ಕೆ, ನಿಧಾನವಾಗಿ. ಹೆದರಿಕೆಯಾಯಿತು, ಅದನ್ನೇಕೆ ಮುಚ್ಚಿಡಲಿ. ಆದರೆ ಅದರೊಳಗೇ ಒಂದು ವಿಚಿತ್ರ ಉಮೇದೂ ಇತ್ತು. ಇಷ್ಟು ವರ್ಷ ಯಾವ ಕೆಲಸಕ್ಕೂ ಬಾರದ ಈ ಮೈ ಇವತ್ತು ತನ್ನ ಕೈಲಾದದ್ದನ್ನು ಮಾಡುತ್ತಿತ್ತು. ವಾಲು, ಇನ್ನೂ ವಾಲು ಎಂದು ಒಳಗೊಳಗೇ ಹುರಿದುಂಬಿಸಿದೆ. ಕತ್ತು ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿತು. ಉಸಿರು ಸಿಕ್ಕಿಕೊಂಡಿತು. ಏನೋ ಹೇಳಲು ಹೋದೆ, ಗೊರಗೊರ ಸದ್ದಷ್ಟೇ ಬಂತು.

ಆಫೀಸಿನಮ್ಮ ಚೀಲವನ್ನು ಎಸೆದು ಬಂದು ನನ್ನನ್ನು ಹಿಡಿದುಕೊಂಡಳು. ಹಿಡಿದಳೇನೋ ಸರಿ, ಆದರೆ ಎಲ್ಲಿ ಹಿಡಿಯಬೇಕೆಂದು ಗೊತ್ತಿರಲಿಲ್ಲ. ಭುಜ ಹಿಡಿದರೆ ಸೊಂಟ ಜಾರಿತು, ಸೊಂಟಕ್ಕೆ ಕೈ ಕೊಟ್ಟರೆ ತಲೆ ಉರುಳಿತು. ನಾವಿಬ್ಬರೂ ಒಟ್ಟಿಗೆ ನೆಲಕ್ಕೆ ಹೋಗುವುದೊಂದೇ ಬಾಕಿ. ಬನ್ನಿ, ಬೇಗ ಬನ್ನಿ ಎಂದು ಅವಳು ಕಿರುಚಿದಳು. ಕಿರುಚಿ ಮುಗಿಯುವ ಮೊದಲೇ ತಂಗಿ ಒಳಗಿದ್ದಳು. ಒಂದು ಮಂಡಿ ಕುರ್ಚಿಗೆ ಕೊಟ್ಟು, ಒಂದು ಕೈ ನನ್ನ ಕತ್ತಿನ ಹಿಂದೆ, ಒಂದು ಕೈ ತೊಡೆಯಡಿ. ನಾನು ನೆಟ್ಟಗೆ ಕೂತಿದ್ದೆ, ಉಸಿರಾಡುತ್ತಿದ್ದೆ. ತಂಗಿ ಕನ್ನಡಕ ತೆಗೆದು ನನ್ನ ಮುಖ ಒರೆಸಿದಳು.

ಆಫೀಸಿನಮ್ಮ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ದಿನಕ್ಕೆ ಎಷ್ಟು ಸಲ ಹೀಗೆ ಎತ್ತಬೇಕು ಎಂದು ಕೇಳಿದಳು. ಎಣಿಸಿಲ್ಲ ಎಂದಳು ತಂಗಿ. ಆಮೇಲೆ ಮತ್ತೆ ಅದೇ ಪ್ರಶ್ನೆ, ನೀವೇನು ಮಾಡ್ತೀರಿ ಹೇಳಿ. ತಂಗಿ ನನ್ನ ಮುಖ ನೋಡಿದಳು. ನನಗೆ ಅವಮಾನವಾಗುತ್ತದೆಂದು ಹಿಂಜರಿಯುತ್ತಿದ್ದಾಳೆ ಎಂದು ತಿಳಿಯಿತು. "ಎಲ್ಲಾ ಹೇಳು ಕಣೇ," ಎಂದೆ, "ಒಂದನ್ನೂ ಬಿಡಬೇಡ."

ಅವಳು ಹೇಳತೊಡಗಿದಳು. ಮೊದಮೊದಲು ಒಂದೊಂದೇ ಮಾತು, ಆಮೇಲೆ ಕಟ್ಟೆ ಒಡೆದ ಹಾಗೆ. ತೊಳೆಯುವುದು, ಉಣಿಸುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ರಾತ್ರಿ ಎದ್ದೆದ್ದು ಮಗ್ಗುಲು ಬದಲಿಸುವುದು, ಮೂಗು ಕೆರೆಯುವುದು, ನನ್ನ ಬೈಗುಳ ತಿನ್ನುವುದು. ಅದೆಲ್ಲ ನನಗೆ ಗೊತ್ತೇ ಇತ್ತು, ಆದರೆ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಆಫೀಸಿನಮ್ಮ ತಲೆ ಎತ್ತದೆ ಬರೆದಳು, ಹಾಳೆ ಮಗುಚಿ ಬರೆದಳು. ಕೊನೆಗೆ, ತಾನು ಬರೆದದ್ದನ್ನು ಮೇಲಿನವರು ತಿದ್ದುವುದಿಲ್ಲ, ಮುಂದಿನ ತಿಂಗಳಿಂದ ಭತ್ಯೆ ಬರುತ್ತದೆ ಎಂದಳು.

"ದುಡ್ಡು ಅಕ್ಕನ ಹೆಸರಿಗೆ ತಾನೇ ಬರೋದು?" ತಂಗಿ ಕೇಳಿದಳು.

"ಇಲ್ಲಮ್ಮ, ನಿಮ್ಮ ಹೆಸರಿಗೆ. ಕೆಲಸ ಮಾಡ್ತಿರೋರು ನೀವಲ್ವಾ?"

ಎದ್ದು ಕುಣಿಯಬೇಕೆನಿಸಿತು ನನಗೆ. ಕುಣಿಯಲಾಗದ್ದನ್ನೆಲ್ಲ ಬಾಯಲ್ಲೇ ತೀರಿಸಿಕೊಂಡೆ. ಆಫೀಸಿನಮ್ಮನಿಗೆ ಟೀ ಕುಡಿದೇ ಹೋಗಬೇಕೆಂದೆ, ಸಕ್ಕರೆಯಲ್ಲಿ ಉಪ್ಪಿದೆ, ಬರೀ ಟೀ ಕುಡಿಯಿರಿ ಎಂದೆ, ಊರಾಚೆಯ ಕೇಂದ್ರಕ್ಕೆ ನನ್ನ ಮಂಚ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಿಕಳಿಸಿ ಎಂದೆ. ಅವಳು ನಗುತ್ತಲೇ ಗೇಟು ದಾಟಿದಳು.

ಅವಳು ಹೋದ ಮೇಲೆ ತಂಗಿ ನನ್ನನ್ನು ಚೆನ್ನಾಗಿ ಬೈದಳು. ಉಸಿರು ನಿಂತಿದ್ದರೆ ಏನು ಮಾಡಬೇಕಿತ್ತು ಎಂದಳು. ನಿಂತಿಲ್ಲವಲ್ಲ ಎಂದೆ. ಅತ್ತಳು, ನಕ್ಕಳು, ಮೂಗೊರೆಸಿಕೊಂಡಳು. ನನ್ನನ್ನು ಮಂಚಕ್ಕೆ ಹಾಕಿ, ಶಾಲು ಹೊದಿಸಿದಳು.

"ಅಕ್ಕಾ, ಸ್ವಲ್ಪ ಹೊತ್ತು ಮಲಗ್ಲಾ?"

ಹಗಲು ಹೊತ್ತಿನಲ್ಲಿ ಅವಳು ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ಮಲಗು ಎಂದೆ. ಚಾಪೆಯ ಮೇಲೆ ಬಿದ್ದವಳು ಮರುಗಳಿಗೆಗೇ ಗೊರಕೆ ಹೊಡೆಯತೊಡಗಿದಳು. ನನಗೆ ಬಾಯಾರಿತ್ತು. ಕರೆಯಲಿಲ್ಲ.

ಅಷ್ಟರಲ್ಲಿ ಟೈಲರಮ್ಮ ಅಳತೆ ಟೇಪು ಕತ್ತಿಗೆ ಹಾಕಿಕೊಂಡು ಬಂದು, ಏನಾಯ್ತು, ಏನಾಯ್ತು ಎಂದು ಬಾಗಿಲಲ್ಲೇ ಶುರುಮಾಡಿದಳು. ನಾನು ಕಣ್ಣಿನಲ್ಲೇ ಚಾಪೆ ತೋರಿಸಿದೆ.

"ಮೆಲ್ಲಗೆ ಮಾತಾಡೇ," ಎಂದೆ. "ನಮ್ಮನೇಲಿ ದುಡಿಯೋರು ಮಲಗಿದ್ದಾರೆ."